ಯಾರು ಬಂದರು? ಮಂಗಳೂರು ಬಂದರು!

ಇಂಗ್ಲಿಷಿನವರದೊಂದು ವಿಚಿತ್ರ ಸಂಪ್ರದಾಯ ನೋಡಿ. ಪನ್ ಮಾಡುತ್ತಾರೆ. ಮಾಡಿದ ಮರುಕ್ಷಣವೇ 'ನೋ ಪನ್ ಇಂಟೆಂಡೆಡ್' ಅಂತ ಕೈ ತೊಳೆದುಕೊಳ್ಳುತ್ತಾರೆ. ಎದುರಿಗಿದ್ದವನು ನಗುವುದು ಬಿಟ್ಟು ಹಲ್ಲುನೋವು ಬಂದವನ ಹಾಗೆ ನರಳುತ್ತಾನೆ. ನರಳಾಟ ಜೋರಾದಷ್ಟೂ ಪನ್ ಚೆನ್ನಾಗಿತ್ತು ಅಂತ ಲೆಕ್ಕ! ಈ ಚಾಳಿ ಈಗ ನಮಗೂ ಅಂಟಿಕೊಂಡಿದೆ. ಮಾತಿಗೆ ಒಂದು ಸಣ್ಣ ತಿರುವು ಕೊಟ್ಟರೆ ಸಾಕು, 'ಪೀಜೆ ಮಗಾ' ಅಂತ ಮುಖ ತಿರುಗಿಸುತ್ತಾರೆ.

ನನಗಿದು ಸರಿ ಕಾಣುವುದಿಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗದ ಕಾಲದಿಂದ ನಮ್ಮಲ್ಲಿ ಶ್ಲೇಷೆಗೆ ಅಲಂಕಾರದ ಪಟ್ಟವಿದೆ. ಅಲಂಕಾರ ಮಾಡಿಕೊಂಡವರು ಯಾರಾದರೂ ಕ್ಷಮೆ ಕೇಳುತ್ತಾರೆಯೇ? ನಮ್ಮ ಮುಧೋಳದ ರನ್ನನನ್ನೇ ತೊಗೊಳ್ಳಿ. 'ಸಾಹಸಭೀಮ' ಅಂದರೆ ಭೀಮನೂ ಹೌದು, ಆ ಬಿರುದು ಹೊತ್ತ ಚಾಲುಕ್ಯ ದೊರೆ ಸತ್ಯಾಶ್ರಯನೂ ಹೌದು. ಒಂದು ಹೆಸರಿಗೆ ಎರಡು ಅರ್ಥ ಇಟ್ಟುಕೊಂಡು ಒಂದಿಡೀ ಕಾವ್ಯ ಬರೆದ ಮನುಷ್ಯ. ಆಮೇಲೆ ಕೈಲಾಸಂ ಬಂದರು, ಬೀಚಿ ಬಂದರು, ವೈಎನ್ಕೆ ಬಂದರು, ಡುಂಡಿರಾಜರು ಹನಿಗವನಗಳ ಮಳೆಯನ್ನೇ ಸುರಿಸಿದರು. (ರಾಯಸಂ ಭೀಮಸೇನರಾಯರ 'ಬೀಚಿ'ಗೂ ಕಡಲ ತಡಿಯ 'ಬೀಚಿ'ಗೂ ಸಂಬಂಧವಿಲ್ಲ. ಹಾಗೆಯೇ ಅವರ ತಿಂಮನಿಗೂ ನಮ್ಮ ತಿಮ್ಮಾಪುರಕ್ಕೂ ಸಂಬಂಧವಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು :))

ಈಗ ಯಾಕೆ ಈ ಪುರಾಣ ಅಂದರೆ, 'ಹೋಮ್‌ಸ್ಟಕ್' ಅಂತ ಒಂದು ವೆಬ್‌ಕಾಮಿಕ್ ಇದೆ. ಗೊತ್ತಿಲ್ಲದವರಿಗೆ ಎರಡು ಮಾತು. ಆಂಡ್ರ್ಯೂ ಹಸ್ಸಿ ಅನ್ನುವವರು 2009ರ ಏಪ್ರಿಲ್ 13ರಂದು ಶುರು ಮಾಡಿ 2016ರ ಏಪ್ರಿಲ್ 13ಕ್ಕೆ ಮುಗಿಸಿದ್ದು. ಎಂಟು ಸಾವಿರಕ್ಕೂ ಹೆಚ್ಚು ಪುಟ. ಹಳೇ ಕಾಲದಲ್ಲಿ ಬರೀ ಅಕ್ಷರದ ಕಂಪ್ಯೂಟರ್ ಆಟಗಳಿದ್ದವಲ್ಲ, 'ಬಾಗಿಲು ತೆರೆ', 'ಕತ್ತಿ ಎತ್ತಿಕೋ' ಅಂತ ಆಜ್ಞೆ ಕುಟ್ಟಿದರೆ ಕಥೆ ಮುಂದೆ ಹೋಗುವಂಥವು, ಆ ಧಾಟಿಯಲ್ಲಿದೆ. ಶುರುಶುರುವಿನಲ್ಲಿ ಆಜ್ಞೆಗಳನ್ನು ಓದುಗರೇ ಸೂಚಿಸುತ್ತಿದ್ದರು. ನಾಲ್ಕು ಮಕ್ಕಳು ಸೇರಿ ಒಂದು ಆಟ ಆಡಲು ಹೋಗುತ್ತಾರೆ, ಆಟ ಅವರ ಲೋಕವನ್ನೇ ನುಂಗುತ್ತದೆ. ಕಥೆ ಹೇಳಲು ಕೂತರೆ ನಾಳೆ ಬೆಳಿಗ್ಗೆಯಾದೀತು. ನಮಗೆ ಬೇಕಾದದ್ದು ಅದರಲ್ಲಿ ಬರುವ ಟ್ರೋಲ್ ಜನಾಂಗದ ಹುಡುಗಿಯರು. ಫೆಫೆರಿ ಅಂತ ಒಬ್ಬಳು, ಮೀನಾ ಅಂತ ಇನ್ನೊಬ್ಬಳು. ಇಬ್ಬರೂ ನೀರಿನವರು, ಇಬ್ಬರದೂ ಮೀನ ರಾಶಿ. ಹೌದು, ಅಮೆರಿಕದ ಕಾಮಿಕ್ಕಿನಲ್ಲಿ ಮೀನ ರಾಶಿಯ ಮೀನಾ! ಇವರು ಬಾಯಿ ಬಿಟ್ಟರೆ ಮೀನು ಬಲೆ ಸಮುದ್ರದ ಪನ್ನುಗಳೇ ಉದುರುತ್ತವೆ.

ಅಭಿಮಾನಿಗಳಿಗೆ ಅಷ್ಟು ಸಾಕು. ಹೋಮ್‌ಸ್ಟಕ್ ಬಗ್ಗೆ ಮಾತಾಡಲು ನಾಲ್ಕು ಜನ ಕೂತರೆ ಹತ್ತು ನಿಮಿಷದೊಳಗೆ ಚರ್ಚೆ ಹಳ್ಳ ಹಿಡಿದು, ಅಲ್ಲಲ್ಲ, ಸಮುದ್ರ ಹಿಡಿದು ಹೋಗುತ್ತದೆ. ಒಬ್ಬ 'ಶ್ಯೂರ್' ಅನ್ನುವಲ್ಲಿ 'ಶೋರ್' ಅಂತಾನೆ. ಇನ್ನೊಬ್ಬ 'ರಿಯಲಿ?' ಅನ್ನುವುದನ್ನು ಗಾಳದ ರೀಲು ಸುತ್ತಿ 'ರೀಲಿ?' ಅಂತಾನೆ. ಮೂರನೆಯವನು 'ಅಫಿಶಿಯಲ್' ಒಳಗಿಂದ ಫಿಶ್ ಹಿಡಿದು ಎತ್ತುತ್ತಾನೆ. ನಮ್ಮ ಶನಿವಾರದ ಚಹಾ ಬೈಠಕ್ಕಿನಲ್ಲಿ ಇರುವುದೇ ನಾಲ್ಕು ಜನ. ಮುಧೋಳ ಕಡೆಯ ನಾನು, ಬನಹಟ್ಟಿಯವನೊಬ್ಬ, ಕಾರವಾರದವನೊಬ್ಬ, ಸಾಂಗಲಿಯ ಮರಾಠಿಗನೊಬ್ಬ. ಕಾಮಿಕ್ ಮುಗಿದು ಇಷ್ಟು ವರ್ಷಗಳಾದರೂ ನಮ್ಮ ಚರ್ಚೆ ಮುಗಿದಿಲ್ಲ. ಮೀನಾ ಬಲಾಢ್ಯಳೋ ಫೆಫೆರಿ ಬಲಾಢ್ಯಳೋ ಅಂತ ಶುರುವಾದದ್ದು 'ವಾಟ್ಸ್ ಅಪ್, ಡಾಕ್' ಅಂತ ಹಡಗುಕಟ್ಟೆಯಲ್ಲಿ ಕೊನೆಗೊಳ್ಳುತ್ತದೆ. ಇದು ಒಂಥರಾ ಅಂತ್ಯಾಕ್ಷರಿ. ಒಬ್ಬ ಎಸೆದದ್ದನ್ನು ಇನ್ನೊಬ್ಬ ಹಿಡಿಯದಿದ್ದರೆ ಸೋತ ಹಾಗೆ.

ಸಮುದ್ರದಿಂದ ಅಷ್ಟು ದೂರದ ಕಬ್ಬಿನ ಸೀಮೆಯವರ ಬಾಯಲ್ಲಿ ಇಷ್ಟೊಂದು ಹಡಗಿನ ಇಂಗ್ಲಿಷ್ ಹೇಗೆ ಅಂತ ನಿಮಗೆ ಅನುಮಾನ ಬಂದಿರಬಹುದು. ಉತ್ತರ ಸುಲಭ, ಅದು ನಮ್ಮ ಹೊಟ್ಟೆಪಾಡಿನ ಭಾಷೆ. ಸಾಫ್ಟ್‌ವೇರಿನ ಪರಿಭಾಷೆ ನೋಡಿ. ಪೋರ್ಟ್, ಕಂಟೇನರ್, ನ್ಯಾವಿಗೇಶನ್. 'ಲಾಗ್' ಬಂದದ್ದೇ ಹಡಗಿನ ದಿನಚರಿ ಪುಸ್ತಕದಿಂದ. 'ಡಾಕರ್' ಅನ್ನುವ ತಂತ್ರಾಂಶದ ಲಾಂಛನ ಬೆನ್ನ ಮೇಲೆ ಕಂಟೇನರ್ ಹೊತ್ತ ತಿಮಿಂಗಿಲ. 'ಕುಬರ್ನೆಟೀಸ್' ಅಂದರೆ ಗ್ರೀಕಿನಲ್ಲಿ ಚುಕ್ಕಾಣಿ ಹಿಡಿಯುವವನು, ನಮ್ಮ ಅಂಬಿಗನೇ ಅನ್ನಿ. ಹೊಲ ಬಿಟ್ಟು ಬಂದು ದಿನಕ್ಕೆ ಒಂಬತ್ತು ತಾಸು ಹಡಗಿನ ಮಾತಾಡುವ ನಮ್ಮನ್ನು ನೌಕರರು ಅಂತ ಕರೆಯುವುದು ಎಷ್ಟು ಸರಿಯಾಗಿದೆ ನೋಡಿ! 'ನೌಕರ' ಫಾರಸಿಯಿಂದ ಬಂದದ್ದು, 'ನೌಕೆ' ಸಂಸ್ಕೃತದ್ದು, ಎರಡಕ್ಕೂ ನೆಂಟಸ್ತನವಿಲ್ಲ. ಆದರೆ ಪನ್ನಿಗೆ ವಂಶವೃಕ್ಷ ಬೇಕಿಲ್ಲ.

ಹೋದ ತಿಂಗಳು ಬನಹಟ್ಟಿಯವನಿಗೆ ಹುಕ್ಕಿ ಬಂತು. ಹೋಮ್‌ಸ್ಟಕ್ಕಿನ ಕೆಲವು ಪುಟಗಳನ್ನು ತಮಾಷೆಗೆ ಕನ್ನಡಕ್ಕೆ ತರೋಣ ಅಂದ. ತಂದ ಕೂಡ. ಮೀನಾಳ ಮಾತು ಬಂದ ತಕ್ಷಣ ಗಾಡಿ ನಿಂತಿತು. 'ಶೋರ್'ಗೆ 'ದಡ' ಅಂತ ಹಾಕಿದರೆ ಅದರಲ್ಲಿ 'ಖಂಡಿತ' ಎಲ್ಲಿದೆ? ಕೊನೆಗೆ ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಬರೆದ. ಜೋಕಿಗೆ ಅಡಿಟಿಪ್ಪಣಿ ಬಂತೆಂದರೆ ಅದರ ತಿಥಿ ಆದಂತೆಯೇ. ಇದು ಅವನೊಬ್ಬನ ಪಾಡಲ್ಲ. ಕನ್ನಡದಲ್ಲಿ ಸಿಗುವ ಒಂದು ಮೊಬೈಲ್ ಆಟದಲ್ಲಿ ಹಡಗಿನ ಲಂಗರಿಗೆ 'ನಿರೂಪಕಿ' ಅಂತ ಅಚ್ಚಾಗಿತ್ತು. ಆಂಕರ್ ಅಲ್ಲವೇ, ಟೀವಿಯ ಆಂಕರ್! 'ನಿರೂಪಕಿಯನ್ನು ನೀರಿಗೆ ಇಳಿಸಿ' ಅಂತ ಆಟ ನನಗೆ ಆಜ್ಞೆ ಮಾಡಿತು. ಇದೇ ಜಾಣತನದಲ್ಲಿ ನಮ್ಮ ಸರ್ವರಿನ ದಾಖಲೆಗಳನ್ನೂ ಕನ್ನಡಿಸಿದರೆ 'ಬಂದರು 8080ರಲ್ಲಿ ಕಾಯುತ್ತಿದೆ' ಅಂತ ಬಂದೀತು. ಯಾರು ಬಂದರು? 8080 ಜನ ಬಂದರು, ಕೂತ್ಕೊಳ್ಳೋಕೆ ಕುರ್ಚಿ ಹಾಕ್ರಪ್ಪಾ!

ಆದರೆ ನೋಡಿ, ಅಲ್ಲೇ ನಿಜವಾದ ಸರಕು ಇದೆ. 'ಬಂದರು' ಅನ್ನುವ ಪದಕ್ಕಿರುವ ಈ ಜೋಡಿ ಅರ್ಥ ಇಂಗ್ಲಿಷಿನ 'ಪೋರ್ಟ್'ಗೆ ಇಲ್ಲ. ನೀರಿನ ಪನ್ನುಗಳಿಗೆ ಕನ್ನಡ ಬಡವೆಯಲ್ಲ, ಭಯಂಕರ ಶ್ರೀಮಂತೆ. 'ಹುಟ್ಟು' ಅಂದರೆ ಜನ್ಮ, ಹುಟ್ಟು ಅಂದರೆ ದೋಣಿ ನಡೆಸುವ ಕೋಲು. ಸಂಘ 'ಹುಟ್ಟುಹಾಕಿದವರು' ಅಂತೀವಲ್ಲ, ಹುಟ್ಟು ಹಾಕಿದವರೇ ಕೈಬಿಟ್ಟರೆ ದೋಣಿ ಎಲ್ಲಿಗೆ ಹೋಗುತ್ತೆ ಅಂತ ಎಲ್ಲ ಕನ್ನಡ ಸಂಘಗಳಿಗೂ ಕೇಳಬಹುದು. ಹೋಮ್‌ಸ್ಟಕ್ ಶುರುವಾಗುವುದೇ ಜಾನ್ ಅನ್ನುವ ಹುಡುಗನ ಹದಿಮೂರನೇ ಹುಟ್ಟುಹಬ್ಬದ ದಿನ. ಅವತ್ತು ಮೀನಾಳಂಥವಳೊಬ್ಬಳು ಅವನಿಗೆ ಏನು ಉಡುಗೊರೆ ಕೊಡುತ್ತಿದ್ದಳು ಅಂತ ಬೇರೆ ಹೇಳಬೇಕಾ? 'ತೆಪ್ಪ'ದಲ್ಲಿ ಕೂತವರು 'ತೆಪ್ಪಗೆ' ಕೂರಬೇಕು, ಇಲ್ಲದಿದ್ದರೆ ಮಗುಚುತ್ತದೆ. 'ನಾವೆ'ಯನ್ನು ನಡೆಸುವವರು 'ನಾವೇ'. 'ಹೊಳೆ' ಅಂದರೆ ನದಿ, ಹೊಳೆ ಅಂದರೆ ಮಿನುಗು, ತಲೆಗೆ ಏನಾದರೂ ಬಂದರೆ ಅದೂ ಹೊಳೆಯುವುದೇ. 'ಬಲೆ' ಬೀಸಿದವನಿಗೆ 'ಭಲೆ' ಅನ್ನಿ. 'ತೆರೆ' ಅಂದರೆ ಅಲೆ, ಪರದೆ, ಓಪನ್ ಮಾಡು. ಆಟದ ಮೊದಲ ಆಜ್ಞೆಯೇ 'ಬಾಗಿಲು ತೆರೆ' ಅಂತ ಇದ್ದು, ತೆಗೆದ ಬಾಗಿಲಿನಿಂದ ನಿಜವಾಗಿಯೂ ತೆರೆ ನುಗ್ಗಿಬಂದರೆ? ಆಂಡ್ರ್ಯೂ ಹಸ್ಸಿಗೂ ಹೊಟ್ಟೆಕಿಚ್ಚಾದೀತು. (ನಮ್ಮ ಕಡೆ ಮಾತ್ರ ಈ ಜೋಕು ನಡೆಯುವುದಿಲ್ಲ, ನಾವು 'ಬಾಗಲಾ ತಗಿ' ಅನ್ನೋರು.)

ಬನಹಟ್ಟಿಯವನು ಅವತ್ತು ಅನುವಾದದ ಹಾಳೆ ಬದಿಗಿಟ್ಟು ತನ್ನ ಊರಿನ ಮಾತು ತೆಗೆದ. ಅವನದು ನೇಕಾರರ ಮನೆ. ಮಗ್ಗದ ಲಾಳಿ ನೋಡಿದ್ದೀರಲ್ಲ, ಎರಡೂ ತುದಿ ಚೂಪಾದ ಪುಟ್ಟ ದೋಣಿಯಂತೆಯೇ ಇರುತ್ತದೆ. "ನಮ್ಮೂರಾಗ ದೋಣಿ ದಡದಿಂದ ದಡಕ್ಕ ಹೋಗಂಗಿಲ್ಲಲೇ, ದಡಿಯಿಂದ ದಡಿಗೆ ಹೋಗತೈತಿ" ಅಂದ. ಸೀರೆಯ ದಡಿ. ಟೇಬಲ್ಲಿನ ಮೇಲಿದ್ದ ಎಲ್ಲ 'ಶೋರ್'ಗಳೂ ಒಂದು ಕ್ಷಣ ಪೇಲವವಾಗಿ ಕಂಡವು.

ಯಾಕೆ ಅಂತ ಆಮೇಲೆ ಯೋಚಿಸಿದೆ. 'ಶೋರ್' ನಿಂತಿರುವುದು ಒಂದೇ ಕಾಲಿನ ಮೇಲೆ. ಸದ್ದು ಹೊಂದುತ್ತದೆ, ಅಷ್ಟೇ. ಮಾತಾಡುವವನಿಗೂ ಸಮುದ್ರ ತಡಿಗೂ ಆ ಹೊತ್ತಿನಲ್ಲಿ ಏನೂ ಸಂಬಂಧವಿಲ್ಲ. ಲಾಳಿಯ ಮಾತು ಎರಡೂ ಕಾಲೂರಿದೆ. ಸದ್ದೂ ಹೊಂದುತ್ತದೆ, ಸಂಗತಿಯೂ ನಿಜ. ನನ್ನ ಮಟ್ಟಿಗೆ ಒಳ್ಳೆ ಪನ್ನಿಗೂ ಪೀಜೆಗೂ ಇರುವ ವ್ಯತ್ಯಾಸ ಇದೇ. ಹಳೇ ಆಲಂಕಾರಿಕರು ಪದ ಒಡೆದರೆ ಸಭಂಗ, ಒಡೆಯದಿದ್ದರೆ ಅಭಂಗ ಅಂತ ಶ್ಲೇಷೆಯನ್ನು ವಿಂಗಡಿಸಿದ್ದಾರೆ. ಇರಲಿ, ಪರೀಕ್ಷೆಗೆ ಬೇಕಾಗುತ್ತದೆ. ನಾನು ಕೇಳುವುದು ಎರಡು ಅರ್ಥಗಳೂ ಆ ಊರಿನಲ್ಲಿ, ಆ ಹೊತ್ತಿನಲ್ಲಿ ನಿಜವೋ ಇಲ್ಲವೋ ಅಂತ. ನಿಜವಾಗಿದ್ದರೆ ಅದು ಬರೀ ನಗು ಅಲ್ಲ, ಸುದ್ದಿ.

'ತೀರದ ದಾಹ' ಅನ್ನುವ ಎರಡು ಪದ ನೋಡಿ. ಎಂದೂ ಮುಗಿಯದ ದಾಹ ಅಂತ ಒಂದರ್ಥ. ನದಿಯ ತೀರಕ್ಕೇ ಬಾಯಾರಿಕೆ ಅಂತ ಇನ್ನೊಂದು. ಮೈಸೂರಿನಲ್ಲಿ ಕೂತು ಹೇಳಿದರೆ ಇದು ಪದ್ಯದ ಚಮತ್ಕಾರ. ಜಮಖಂಡಿಯಲ್ಲಿ ಹೇಳಿದರೆ ಚರಿತ್ರೆ. ಮಳೆಗಾಲದಲ್ಲಿ ದಿಗಿಲು ಹುಟ್ಟಿಸುವ ಕೃಷ್ಣೆ ಬೇಸಿಗೆಯಲ್ಲಿ ಮರಳಾಗಿ ಮಲಗುತ್ತಿದ್ದಳು. ದಂಡೆಯ ಮೇಲೆಯೇ ಊರು, ಕುಡಿಯಲು ನೀರಿಲ್ಲ, ಪೈರಿಗೂ ಇಲ್ಲ. ಸರಕಾರ ಕಟ್ಟೀತು ಅಂತ ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಹಾಕಿ, ತಾವೇ ಮೈಮುರಿದು ದುಡಿದು, ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. 1989ರಲ್ಲಿ ಅದು ಮುಗಿಯಿತು. ಹೆಸರು 'ಶ್ರಮಬಿಂದು ಸಾಗರ'. ಬೆವರ ಹನಿಗಳಿಂದಾದ ಸಮುದ್ರ! ಕಡಲಿಲ್ಲದ ಜಮಖಂಡಿಗೆ ಹೀಗೊಂದು ಸಾಗರ ಬಂತು. ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಆದರು, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರಂಥವರನ್ನೇ ಸೋಲಿಸಿದರು, ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. (ಈ 'ತೀರು' ಕೂಡ ಅದೇ ಮನೆಯದು. ಭಾಷೆ ಕೆಲವೊಮ್ಮೆ ನಮ್ಮನ್ನು ಕೇಳದೆಯೇ ಪನ್ ಮಾಡುತ್ತದೆ, ಆಗ ನಗು ಬರುವುದಿಲ್ಲ.)

ಹಾಗಂತ ಎರಡು ಕಾಲಿನ ಪನ್ನು ಯಾವಾಗಲೂ ಒಳ್ಳೆಯದೇ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಕನ್ನಡದಲ್ಲಿ 'ನೆರೆ' ಅಂದರೆ ಪ್ರವಾಹ, ನೆರೆ ಅಂದರೆ ಪಕ್ಕದವರು, ನೆರೆ ಅಂದರೆ ಬಿಳಿಗೂದಲು ಕೂಡ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ 'ನೆರೆಯವರಿಂದ ನೆರೆ' ಅನ್ನುವ ಮಾತು ಎಷ್ಟು ಸಲ ಕಿವಿಗೆ ಬಿತ್ತೋ ಲೆಕ್ಕವಿಲ್ಲ. ಮಹಾರಾಷ್ಟ್ರದ ಕೊಯ್ನಾದಿಂದ ನೀರು ಬಿಟ್ಟರು, ಜಮಖಂಡಿ ತಾಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿತು. ಪನ್ ಎರಡೂ ಕಾಲಿನ ಮೇಲೆ ಗಟ್ಟಿಯಾಗಿ ನಿಂತಿತು. ಎಷ್ಟು ಗಟ್ಟಿ ಅಂದರೆ, ಅದನ್ನು ಹೇಳಿದ ಮೇಲೆ ಬೇರೆ ಸಾಕ್ಷಿಯೇ ಬೇಡ ಅನ್ನಿಸುತ್ತಿತ್ತು. ಒಂದೇ ಪದ ಎರಡನ್ನೂ ಹೇಳುತ್ತಿದೆ ಅಂದಮೇಲೆ ತಪ್ಪು ಅವರದೇ ಇರಬೇಕಲ್ಲ!

ನಮ್ಮ ಸಾಂಗಲಿಯ ಗೆಳೆಯನನ್ನು ಕೇಳಿ. ಅದೇ ವರ್ಷ, ಅದೇ ತಿಂಗಳು ಅವನ ಊರೂ ಮುಳುಗಿತ್ತು. ಅವರ ಕಡೆ ಜನ ಬೆರಳು ತೋರಿಸುವುದು ನಮ್ಮ ಆಲಮಟ್ಟಿಯ ಕಡೆಗೆ. ಅಲ್ಲಿ ನೀರು ನಿಲ್ಲಿಸಿದ್ದಕ್ಕೆ ಇಲ್ಲಿ ಹಿಂದಕ್ಕೆ ತುಂಬಿತು ಅಂತ. ಅಂದರೆ ಅವರ ಪ್ರಕಾರ ನೆರೆಯವರು ನಾವು. ದೂರು ಅದೇ, ದಿಕ್ಕು ಬೇರೆ. ಆದರೆ ಮರಾಠಿಯಲ್ಲಿ ಪ್ರವಾಹ 'ಪೂರ್', ಪಕ್ಕದವನು 'ಶೇಜಾರಿ'. ಪಾಪ, ಅವನ ಹತ್ತಿರ ದೂರಿದೆ, ಪನ್ ಇಲ್ಲ. "ನಿಮಗೆ ಒಳ್ಳೆ ಪದ ಸಿಕ್ಕಿದೆ, ನಮಗೆ ಬರೀ ನೀರು ಸಿಕ್ಕಿತು" ಅಂದ ಅವನು. ವಾದದಲ್ಲಿ ನಾವು ಗೆದ್ದಿದ್ದರೆ ಅದು ಕಾಗುಣಿತದ ಗೆಲುವು.

ಇನ್ನೂ ಒಂದು ತಮಾಷೆ ಇದೆ. ಇದೇ ಪನ್ನನ್ನು ಜಮಖಂಡಿಯಿಂದ ಮುಧೋಳಕ್ಕೆ ತಂದು ನಿಲ್ಲಿಸಿ, ಕುಂಟುತ್ತದೆ. ಮುಧೋಳಕ್ಕೆ ನೀರು ನುಗ್ಗಿದ್ದು ಘಟಪ್ರಭೆಯಿಂದ. ಆ ನೀರು ಬಿಟ್ಟದ್ದು ಹಿಡಕಲ್ ಜಲಾಶಯದಿಂದ. ಹಿಡಕಲ್ ಇರುವುದು ಬೆಳಗಾವಿ ಜಿಲ್ಲೆಯಲ್ಲಿ, ನಮ್ಮದೇ ರಾಜ್ಯ. ಬಾದಾಮಿ ಕಡೆಗೆ ಮಲಪ್ರಭೆ ನುಗ್ಗಿದ್ದೂ ನಮ್ಮದೇ ನವಿಲುತೀರ್ಥದಿಂದ. ಅಲ್ಲಿಗೆ 'ನೆರೆಯವರಿಂದ' ಅನ್ನುವ ಕಾಲು ಮುರಿಯಿತು. ಆದರೂ ಜಿಲ್ಲೆಯ ತುಂಬ ಆ ಮಾತು ಓಡಾಡಿತು, ಯಾಕೆಂದರೆ ಕೇಳಲು ಚೆನ್ನಾಗಿತ್ತು. ಯಾರು ಯಾವಾಗ ಎಷ್ಟು ನೀರು ಬಿಟ್ಟರು, ಮೊದಲೇ ಯಾಕೆ ಜಾಗ ಖಾಲಿ ಇಟ್ಟುಕೊಳ್ಳಲಿಲ್ಲ ಅಂತ ನಮ್ಮವರನ್ನೇ ಕೇಳಬೇಕಾದ ಪ್ರಶ್ನೆ ಆ ನಗುವಿನಲ್ಲಿ ಕೊಚ್ಚಿಹೋಯಿತು.

ಅಂದಹಾಗೆ ನಮ್ಮ ಹಳ್ಳಿ ಜನ 'ನೆರೆ' ಅನ್ನುವುದೇ ಇಲ್ಲ, ಅದು ಪೇಪರಿನ ಪದ. ಅವರು 'ಹೊಳಿ ಬಂತು' ಅಂತಾರೆ. ಬಾಗಲಕೋಟೆಯ ಹೋಳಿ ಹಬ್ಬದ ಅಬ್ಬರ ಕೇಳದವರುಂಟೆ? "ಹೋಳಿ ಬಂದ್ರ ಬಣ್ಣ ಏರತೈತಿ, ಹೊಳಿ ಬಂದ್ರ ಬಣ್ಣ ಇಳೀತೈತಿ" ಅಂತ ಆ ಆಗಸ್ಟಿನಲ್ಲಿ ಗಂಜಿ ಕೇಂದ್ರದಲ್ಲಿದ್ದ ಒಬ್ಬ ಮುದುಕ ಹೇಳಿದ್ದನ್ನು ನಮ್ಮ ಮನೆಯವರು ಕೇಳಿಕೊಂಡು ಬಂದಿದ್ದರು. ಅವನ ಮನೆಯ ಗೋಡೆಯ ಸುಣ್ಣ ಬಣ್ಣ ಎಲ್ಲ ನೀರುಪಾಲಾಗಿತ್ತು. ಇದರಲ್ಲಿ ಯಾರ ಮೇಲೂ ದೂರಿಲ್ಲ, ದೀರ್ಘ ಒಂದು ಹೆಚ್ಚುಕಮ್ಮಿ ಅಷ್ಟೇ. ಆದರೆ ಪೇಪರಿನ ಪನ್ನಿಗಿಂತ ಇದು ನನಗೆ ಹೆಚ್ಚು ಸತ್ಯವಾಗಿ ಕೇಳುತ್ತದೆ. ಕಳೆದುಕೊಂಡವನೇ ಮಾಡಿದ ಪನ್ ಇದು.

'ಮುಳುಗಡೆ' ಅನ್ನುವುದೂ ಹಾಗೆಯೇ. ಬೆಂಗಳೂರಿನಲ್ಲಿ ಷೇರು ಕಳೆದುಕೊಂಡವನು 'ಮುಳುಗಿದೆ ಗುರೂ' ಅಂದರೆ ರೂಪಕ. ಬೀಳಗಿಯಲ್ಲಿ ಮುಳುಗಡೆ ಅಂದರೆ ಕಡತ, ಸರ್ವೆ ನಂಬರು, ಪರಿಹಾರ, ಪುನರ್ವಸತಿ ಕೇಂದ್ರದ ಪ್ಲಾಟು. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲೇ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿತ್ತು. ದಶಮಾನದ ಆಚೆ ಮೂರು ಅಂಕಿ ಇರುವ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡ ರೈತರನ್ನು ನಮ್ಮ ಸೀಮೆಯಲ್ಲಿ ಮಾತ್ರ ನೋಡಲು ಸಾಧ್ಯ. ಅವರೆದುರು 'ಮುಳುಗಿದೆ' ಅಂತ ಹಗುರವಾಗಿ ಅಂದರೆ 'ಯಾವ ಹಂತದಾಗ?' ಅಂತ ಕೇಳಿಯಾರು.

ನೀರಿನ ಪದಗಳು ನಮ್ಮಲ್ಲಿ ಇಷ್ಟು ತೂಕದವು. ಆದರೆ ದೋಣಿಯ ಪದಗಳು ಮೆಲ್ಲಗೆ ಹೊರಟುಹೋಗುತ್ತಿವೆ. ಸೇತುವೆಗಳು ಬಂದವು, ಬ್ಯಾರೇಜುಗಳು ಬಂದವು. ಒಳ್ಳೆಯದೇ ಆಯಿತು, ದೋಣಿ ಮಗುಚಿ ಸತ್ತವರ ಕಥೆ ಕೇಳಿದವರಾರೂ ದೋಣಿಯೇ ಚೆನ್ನಾಗಿತ್ತು ಅನ್ನುವುದಿಲ್ಲ. ನಡುಗಡ್ಡೆಯ ಹೊಲಕ್ಕೆ ಹೋಗಲು ಕೆಲವು ಕಡೆ ಇನ್ನೂ ದೋಣಿ ಉಂಟು. ಆದರೆ ಹರಿಗೋಲು ಅಂದರೆ ಇವತ್ತಿನ ಹುಡುಗರಿಗೆ ಹಂಪಿಯ ಪ್ರವಾಸದ ಫೋಟೋ. 'ಹುಟ್ಟು' ಅಂದರೆ ಅವರಿಗೆ ಒಂದೇ ಅರ್ಥ. ಪದಕ್ಕೆ ಒಂದೇ ಅರ್ಥ ಉಳಿದ ದಿನ ಅದರ ಪನ್ ಸಾಯುತ್ತದೆ. ನಿಘಂಟಿನಲ್ಲಿ ಎರಡೂ ಅರ್ಥ ಇದ್ದರೇನು, ಕಿಟ್ಟೆಲ್ ಸಾಹೇಬರು 1894ರಲ್ಲೇ ಅಚ್ಚು ಹಾಕಿಸಿದ್ದಾರೆ. ಕೇಳಿದ ಕ್ಷಣ ಎರಡೂ ಒಟ್ಟಿಗೆ ಕಿವಿಯಲ್ಲಿ ಮೊಳಗಬೇಕಲ್ಲ. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ವಚನಗಳಿಗೆ ಆ ಬಿಸಿ ಇರುವುದು ಅವನು ನಿಜಕ್ಕೂ ಹೊಳೆ ದಾಟಿಸುತ್ತಿದ್ದವನು ಅನ್ನುವುದಕ್ಕೆ.

ನಮ್ಮಜ್ಜ ಒಂದು ಜೋಕು ಹೇಳುತ್ತಿದ್ದ. ಮುಧೋಳದಲ್ಲಿ ಘೋರ್ಪಡೆಯವರು, ಜಮಖಂಡಿಯಲ್ಲಿ ಪಟವರ್ಧನರು ಆಳುತ್ತಿದ್ದ ಕಾಲದ್ದು, ಅಂದರೆ 1948ಕ್ಕಿಂತ ಮುಂಚಿನದು. ಕಚೇರಿಯೆಲ್ಲ ಮರಾಠಿ, ಹೊಲವೆಲ್ಲ ಕನ್ನಡ. ಹೊಳೆಯ ಕಡವಿನಲ್ಲಿ ಮರಾಠಿ ಕಾರಕೂನನೊಬ್ಬ ಹೆಸರು ಬರೆದುಕೊಳ್ಳಲು ನಿಂತಿದ್ದಾನೆ. ದಂಡೆಯಲ್ಲಿ ಕೂತ ರೈತನನ್ನು ಕೇಳುತ್ತಾನೆ, "ನಾವ್ ಕಾಯ್?" ಮರಾಠಿಯಲ್ಲಿ 'ಹೆಸರೇನು' ಅಂತ. ರೈತ ಹೇಳುತ್ತಾನೆ, "ಹೌದ್ರಿ, ನಾವ್ ಕಾಯಾಕತ್ತು ಭಾಳ ಹೊತ್ತಾತು, ನೀವೂ ಕಾಯ್ರಿ." ಕಾರಕೂನ ಸಿಟ್ಟಿನಿಂದ ಮತ್ತೆ, "ನಾವ್, ನಾವ್!" ರೈತ ತಣ್ಣಗೆ, "ಅದು ಆಚಿ ದಂಡಿಗೈತ್ರಿ." ಯಾಕೆಂದರೆ ಮರಾಠಿಯಲ್ಲಿ 'ನಾವ್' ಅಂದರೆ ಹೆಸರೂ ಹೌದು, ದೋಣಿಯೂ ಹೌದು!

ನಾಲ್ಕು ಅಕ್ಷರದಲ್ಲಿ ಎರಡು ಭಾಷೆ, ಮೂರು ಅರ್ಥ, ಒಂದು ಸಂಸ್ಥಾನದ ಆಡಳಿತ. ರೈತನಿಗೆ ಮರಾಠಿ ಅರ್ಥವಾಗಿತ್ತೋ ಇಲ್ಲವೋ ಅನ್ನುವುದನ್ನು ಅಜ್ಜ ಎಂದೂ ಬಿಟ್ಟುಕೊಡುತ್ತಿರಲಿಲ್ಲ. ಕೊನೆಯ ಉತ್ತರ ನೋಡಿದರೆ ಚೆನ್ನಾಗಿಯೇ ಅರ್ಥವಾಗಿತ್ತು ಅಂತ ನನ್ನ ಗುಮಾನಿ. ಇದನ್ನು ಹೇಳಿದಾಗ ನಮ್ಮ ಗುಂಪಿನಲ್ಲಿ ಮೊದಲು ನಕ್ಕವನು ಸಾಂಗಲಿಯವನು. ಕಾರವಾರದವನಿಗೆ ಕೊಂಕಣಿ ಗೊತ್ತಿದ್ದುದರಿಂದ ಅರ್ಧ ಹಿಡಿದ. ಬೆಂಗಳೂರಿನ ಅಪ್ಪಟ ಕನ್ನಡಿಗ ಸಹೋದ್ಯೋಗಿಗೆ ಆಮೇಲೆ ಹೇಳಿದರೆ ಪಾಪ, ಅಡಿಟಿಪ್ಪಣಿ ಬೇಕಾಯಿತು.

ಹಾಗಾಗಿ ಕನ್ನಡದಲ್ಲಿ ಕಾಮಿಕ್ ಮಾಡುವವರಿಗೆ, ಆಟಗಳನ್ನು ಕನ್ನಡಕ್ಕೆ ತರುವ ಉತ್ಸಾಹಿ ಮಿತ್ರರಿಗೆ ನನ್ನದೊಂದು ಜಗಳವಿದೆ. ಪನ್ನನ್ನು ಅನುವಾದಿಸಬೇಡಿ. ಎತ್ತಿ ಪಕ್ಕಕ್ಕಿಡಿ. ಆ ಪಾತ್ರವನ್ನು ನಮ್ಮ ಯಾವುದಾದರೂ ಒಂದು ನೀರಿನ ದಂಡೆಗೆ ತಂದು ಕೂರಿಸಿ, ಅಲ್ಲಿಯ ಜನ ಏನು ಮಾತಾಡುತ್ತಾರೋ ಅದನ್ನು ಅದರ ಬಾಯಲ್ಲಿ ಹಾಕಿ. ಫೆಫೆರಿ ಕಾರವಾರದವಳಾಗಲಿ, ಮೀನಾ ಜಮಖಂಡಿಯವಳಾಗಲಿ. ಮೂಲದಲ್ಲಿ ಒಂದು ಪುಟಕ್ಕೆ ಆರು ಪನ್ ಇದ್ದು ನಿಮ್ಮಲ್ಲಿ ಒಂದೇ ಬಂದರೂ ಚಿಂತೆಯಿಲ್ಲ. 'ಮೂಲಕ್ಕೆ ನಿಷ್ಠೆ' ಅಂತ ಯಾರಾದರೂ ತಕರಾರು ತೆಗೆದರೆ, ಮೂಲದಲ್ಲಿ ಜನ ನಕ್ಕಿದ್ದರು ತಾನೇ, ಇಲ್ಲೂ ನಗಬೇಕು, ಅದೇ ನಿಷ್ಠೆ ಅನ್ನಿ. ಲಂಗರಿಗೆ ನಿರೂಪಕಿ ಅಂದದ್ದೂ ನಿಘಂಟಿಗೆ ನಿಷ್ಠೆಯೇ.

ಬನಹಟ್ಟಿಯವನು ಈಗ ಹೊಸದಾಗಿ ಶುರು ಹಚ್ಚಿಕೊಂಡಿದ್ದಾನೆ. ಮೀನಾ ಈಗ 'ಶೋರ್' ಅನ್ನುವುದಿಲ್ಲ. ಸಿಟ್ಟು ಬಂದಾಗ "ತೀರಾ ಆತು ನಿಂದು" ಅಂತಾಳೆ, ಹಿಂದೆ ಚಿತ್ರದಲ್ಲಿ ತೀರ ಕಾಣುತ್ತದೆ. ಎದುರಾಳಿಗೆ "ತೆಪ್ಪಗ ಕುಂದರು" ಅಂತಾಳೆ, ಅವನು ಕೂತಿರುವುದು ತೆಪ್ಪದ ಮೇಲೆ. ಚೆನ್ನಾಗಿದೆ. ಆದರೆ 'ರೀಲಿ?'ಗೆ ಮಾತ್ರ ಇನ್ನೂ ಏನೂ ಸಿಕ್ಕಿಲ್ಲ. ಕಾರವಾರದವನು ಅದಕ್ಕೆ ತಾನೇ ಗಾಳ ಹಾಕುತ್ತೇನೆ ಅಂತ ಮೂರು ಶನಿವಾರದಿಂದ ಕೂತಿದ್ದಾನೆ. ನಿಮಗೇನಾದರೂ ಹೊಳೆದರೆ ಹೇಳಿ, ನಾವ್ ಕಾಯ್ತೀವಿ :)